ಇನ್ನೊಂದು ಸಲ ಮತ ಹಾಕಿಸಿದರೆ ಜಗಳ ಮುಗಿಯುತ್ತಾ?

ತುಂಗೆ ದಡ, ತೀರ್ಥಹಳ್ಳಿ:

ಮಳೆ ಬಿಡುತ್ತಿಲ್ಲ, ತೋಟದ ಕಡೆ ಹೋಗೋ ಹಾಗಿಲ್ಲ. ಒಂದು ಚರ್ಚೆ ಹಚ್ಚೋಣ ಅಂತ ಬಂದೆ.

ಯುರೋಪಿಯನ್ ಒಕ್ಕೂಟದಲ್ಲಿ ಇರಬೇಕಾ ಬಿಡಬೇಕಾ ಅಂತ ಬ್ರಿಟನ್ನಿನಲ್ಲಿ 2016ರ ಜೂನ್ 23ರಂದು ಜನಮತ ಸಂಗ್ರಹ ಮಾಡಿದರು. ಬಿಡೋಣ ಅಂದವರು ಶೇ. 51.9, ಇರೋಣ ಅಂದವರು ಶೇ. 48.1. ತಲೆ ಲೆಕ್ಕದಲ್ಲಿ 1.74 ಕೋಟಿ ಒಂದು ಕಡೆ, 1.61 ಕೋಟಿ ಇನ್ನೊಂದು ಕಡೆ. ಎಳೆದಾಡಿ ಎಳೆದಾಡಿ 2020ರ ಜನವರಿ 31ಕ್ಕೆ ಹೊರಗೆ ಬಂದರು. ಬಂದು ಇಷ್ಟು ಕಾಲ ಆದರೂ ಮನಸ್ತಾಪ ಹಾಗೇ ಇದೆ. ನಮ್ಮ ಅಕ್ಕನ ಮಗಳು ಲೀಡ್ಸ್‌ನಲ್ಲಿ ನರ್ಸ್. ಅವಳ ಆಸ್ಪತ್ರೆಯಲ್ಲಿ ಟೀ ಕುಡಿಯುವಾಗ ಈ ವಿಷಯ ತೆಗೆಯಬಾರದು ಅಂತ ಅವರವರೇ ಮಾಡಿಕೊಂಡ ಕಟ್ಟು ಇದೆಯಂತೆ. "ಇನ್ನೊಂದು ಸಲ ಮತ ಹಾಕಿಸಿದ್ರೆ ಒಂದು ಇತ್ಯರ್ಥ ಆಗುತ್ತೆ ಮಾವ" ಅನ್ನುತ್ತಾಳೆ.

ನನಗೆ ಹಾಗೆ ಅನ್ನಿಸುತ್ತಿಲ್ಲ. ಎರಡನೇ ಸಲ ಕೇಳಿದರೆ ಉತ್ತರ ಬೇರೆ ಬರಬಹುದು. ಜಗಳ ಹಾಗೇ ಉಳಿಯುತ್ತೆ, ಸೋತವರು ಮಾತ್ರ ಬೇರೆಯವರಾಗುತ್ತಾರೆ. ಹೀಗೆ ಎರಡು ಮೂರು ಸಲ ಕೇಳಿದ ದೇಶಗಳು ಬೇಕಾದಷ್ಟಿವೆ. ಗೊತ್ತಿದ್ದವರು ಹೇಳಿ.

ಕೊನೆಗೌಡ:

ಇದರಲ್ಲಿ ಚರ್ಚೆ ಮಾಡೋಕೆ ಎಂತ ಇದೆ ಮಾರಾಯ್ರೆ? ಶೇ. 51.9 ಅಂದ್ರೆ ಬಹುಮತ. ಪಂಚಾಯ್ತಿ ಚುನಾವಣೆಯಲ್ಲಿ ಒಂದೇ ಮತದಲ್ಲಿ ಗೆದ್ದವನೂ ಪೂರ್ತಿ ಐದು ವರ್ಷ ಮೆಂಬರ್ರೇ. ಸೋತವರಿಗೆ ಬೇಜಾರಾಯ್ತು ಅಂತ ಮತ್ತೆ ಮತ ಹಾಕಿಸಿದ್ರೆ, ಆಮೇಲೆ ಇವರಿಗೆ ಬೇಜಾರಾದಾಗ ಮೂರನೇದು ಹಾಕಿಸಬೇಕಲ್ವಾ?

ಸಾಗರದ ಮೇಷ್ಟ್ರು:

ಗೌಡ್ರೇ, ನೀವು ಹೇಳಿದ ಆ "ಐದು ವರ್ಷ"ದಲ್ಲೇ ಎಲ್ಲ ಇದೆ. ಸೋತ ಅಭ್ಯರ್ಥಿ ಸುಮ್ಮನೆ ಮನೆಗೆ ಹೋಗುವುದು ಯಾಕೆ? ಮುಂದಿನ ಚುನಾವಣೆ ಯಾವಾಗ ಅಂತ ಅವನಿಗೆ ಗೊತ್ತು. ಜನಮತ ಸಂಗ್ರಹಕ್ಕೆ ಆ ಅವಧಿ ಅನ್ನೋದೇ ಇಲ್ಲ. ಒಂದು ದಿನದ ಮತ, ಎಷ್ಟು ಕಾಲಕ್ಕೆ ಅಂತ ಯಾರೂ ಬರೆದಿಟ್ಟಿರುವುದಿಲ್ಲ.

ಇನ್ನೊಂದು ವಿಷಯ. 2016ರದ್ದೇ ಎರಡನೇ ಸಲದ್ದು. 1975ರ ಜೂನ್‌ನಲ್ಲೇ ಬ್ರಿಟನ್ ಇದೇ ಪ್ರಶ್ನೆ ಕೇಳಿತ್ತು. ಆಗ ಇರೋಣ ಅಂದವರು ಶೇ. 67.2. ಅಷ್ಟು ದೊಡ್ಡ ಅಂತರದಲ್ಲಿ ಸೋತವರೂ ಸುಮ್ಮನಾಗಲಿಲ್ಲ. 41 ವರ್ಷ ಅದೇ ಮಾತು ಹೇಳುತ್ತಾ ಬಂದು ಕೊನೆಗೆ ಗೆದ್ದರು. ಆಗ ಅದು ತಪ್ಪಲ್ಲ ಅಂದಮೇಲೆ ಈಗ ಕೇಳುವುದು ಹೇಗೆ ತಪ್ಪಾಗುತ್ತೆ?

ಎರಡು ಸಲ ಕೇಳಿ ಮುಗಿಸಿದವರು ಐರ್ಲೆಂಡಿನವರು. ಯುರೋಪಿಯನ್ ಒಕ್ಕೂಟದ ನೀಸ್ ಒಪ್ಪಂದಕ್ಕೆ 2001ರ ಜೂನ್‌ನಲ್ಲಿ ಶೇ. 53.9 ಜನ ಬೇಡ ಅಂದರು. ಮತ ಹಾಕಲು ಬಂದವರು ನೂರಕ್ಕೆ 35ರಷ್ಟೂ ಇರಲಿಲ್ಲ. ಸರ್ಕಾರ ಯಾಕೆ ಬೇಡ ಅಂದರು ಅಂತ ವಿಚಾರಿಸಿತು. ನಮ್ಮ ದೇಶವನ್ನು ಯಾವುದಾದರೂ ಸೈನ್ಯದ ಕೂಟಕ್ಕೆ ಸೇರಿಸಿಬಿಡುತ್ತಾರೆ ಅನ್ನುವ ಭಯ ಜನರಲ್ಲಿತ್ತು. ಹಾಗೆ ಆಗುವುದಿಲ್ಲ ಅಂತ ಒಕ್ಕೂಟದಿಂದ ಘೋಷಣೆ ತಂದರು, ಸಂವಿಧಾನದಲ್ಲೂ ಒಂದು ಮಾತು ಸೇರಿಸಿದರು. 2002ರ ಅಕ್ಟೋಬರ್‌ನಲ್ಲಿ ಮತ್ತೆ ಕೇಳಿದಾಗ ಶೇ. 62.9 ಬೇಕು ಅಂದರು, ಮತಗಟ್ಟೆಗೂ ಜಾಸ್ತಿ ಜನ ಬಂದರು. ಲಿಸ್ಬನ್ ಒಪ್ಪಂದದ್ದೂ ಇದೇ ಕತೆ. 2008ರಲ್ಲಿ ಶೇ. 53.4 ಬೇಡ, 2009ರಲ್ಲಿ ಶೇ. 67.1 ಬೇಕು. ಆಮೇಲೆ ಯಾರೂ ಮೂರನೇ ಸಲ ಕೇಳಲಿಲ್ಲ.

ಡೆನ್ಮಾರ್ಕಿನವರು 1992ರಲ್ಲಿ ಒಕ್ಕೂಟದ್ದೇ ಇನ್ನೊಂದು, ಮಾಸ್ಟ್ರಿಕ್ಟ್ ಒಪ್ಪಂದವನ್ನು ಶೇ. 50.7ರಲ್ಲಿ ತಳ್ಳಿಹಾಕಿದರು. ಒಂದೇ ಕರೆನ್ಸಿ, ರಕ್ಷಣೆ ಸೇರಿ ನಾಲ್ಕು ವಿಷಯದಲ್ಲಿ ಅವರಿಗೆ ವಿನಾಯಿತಿ ಸಿಕ್ಕ ಮೇಲೆ 1993ರ ಮೇ ತಿಂಗಳಲ್ಲಿ ಶೇ. 56.7 ಒಪ್ಪಿದರು.

ಕೊಪ್ಪದ ಕಾಫಿ:

ಮೇಷ್ಟ್ರೇ, ಲೆಕ್ಕ ಸರಿ. ಆದ್ರೆ ಒಂದು ಗಮನಿಸಿ. ಬೇಡ ಅಂದಾಗ ಮಾತ್ರ ಎರಡನೇ ಸಲ ಕೇಳಿದ್ದಾರೆ. ಬೇಕು ಅಂದಾಗ "ಇನ್ನೊಮ್ಮೆ ಯೋಚನೆ ಮಾಡಿ" ಅಂತ ಯಾವ ಸರ್ಕಾರವಾದರೂ ಕೇಳಿದೆಯಾ? ತಮಗೆ ಬೇಕಾದ ಉತ್ತರ ಬರೋವರೆಗೂ ಕೇಳೋದು, ಬಂದ ತಕ್ಷಣ ಬಾಗಿಲು ಹಾಕೋದು. ಬ್ರಿಟನ್ನಿನಲ್ಲಿ ಎರಡನೇ ಮತ ಅಂದಾಗ ಜನ ಸಿಟ್ಟಾಗಿದ್ದು ಇದೇ ಕಾರಣಕ್ಕೆ.

ಗ್ರೀಸ್ ನೋಡಿ. 2015ರ ಜುಲೈ 5ರಂದು ಸಾಲದ ಷರತ್ತು ಬೇಡ ಅಂತ ಶೇ. 61 ಜನ ಹೇಳಿದರು. ಎಂಟು ದಿನ ಕಳೆಯುವುದರೊಳಗೆ ಅದೇ ಸರ್ಕಾರ ಹೋಗಿ ಷರತ್ತಿಗೆ ಒಪ್ಪಿಕೊಂಡು ಬಂತು. ಎರಡನೇ ಸಲ ಕೇಳುವ ಶಾಸ್ತ್ರವೂ ಇಲ್ಲ.

ಸಾಗರದ ಮೇಷ್ಟ್ರು:

ಗ್ರೀಸ್‌ದು ನಾಚಿಕೆಗೇಡು, ಅದನ್ನು ನಾನು ಸಮರ್ಥಿಸಲ್ಲ. ಆದರೆ ಡೆನ್ಮಾರ್ಕಿನ ಜನ ಹೆದರಿ ತಲೆ ಅಲ್ಲಾಡಿಸಿದವರಲ್ಲ. 2000ದಲ್ಲಿ ಯೂರೋ ಬೇಕಾ ಅಂದಾಗ ಬೇಡ ಅಂದರು. 2015ರಲ್ಲಿ ಇನ್ನೊಂದು ವಿನಾಯಿತಿ ಬಿಡುತ್ತೀರಾ ಅಂದಾಗ ಮತ್ತೆ ಬೇಡ. ಉಕ್ರೇನ್ ಯುದ್ಧ ಶುರುವಾದ ಮೇಲೆ, 2022ರಲ್ಲಿ, ರಕ್ಷಣೆಯ ವಿನಾಯಿತಿಯನ್ನು ಮಾತ್ರ ಶೇ. 66.9 ಜನ ಬಿಟ್ಟುಕೊಟ್ಟರು. ಕಾಲ ಬದಲಾದಾಗ ಬದಲಾದ ಒಂದೇ ವಿಷಯವನ್ನು ಕೇಳಿದರು. ಹೀಗೆ ಬಿಡಿಬಿಡಿಯಾಗಿ ಕೇಳುವುದನ್ನು ಬ್ರಿಟನ್ ಕಲಿಯಲೇ ಇಲ್ಲ.

ಲಿಂಗನಮಕ್ಕಿ ಹಿನ್ನೀರು:

ನಮ್ಮ ಹಿರಿಯರ ಊರು ಶರಾವತಿಯಲ್ಲಿ ಮುಳುಗಿ 60 ವರ್ಷ ದಾಟಿತು. ಒಂದು ಸಲವೂ ಯಾರೂ ಕೇಳಲಿಲ್ಲ. ಕೊಟ್ಟ ಜಾಗದ ಹಕ್ಕುಪತ್ರಕ್ಕೆ ಇವತ್ತಿಗೂ ಅಲೆದಾಟ ನಿಂತಿಲ್ಲ. ನೀವು ಎರಡನೇ ಸಲ ಕೇಳುವುದರ ಬಗ್ಗೆ ಮಾತಾಡುತ್ತಿದ್ದೀರಿ. ಅದೃಷ್ಟವಂತರು ಅವರು.

ಇರಲಿ. ಮೂರು ಸಲ ಕೇಳಿದ ಕತೆ ಹೇಳುತ್ತೇನೆ. ನ್ಯೂ ಕ್ಯಾಲೆಡೋನಿಯಾ ಅಂತ ಪೆಸಿಫಿಕ್ ಸಾಗರದ ದ್ವೀಪ, ಫ್ರಾನ್ಸಿನ ಕೈಯಲ್ಲಿದೆ. ಅಲ್ಲಿನ ಮೂಲ ಜನ ಕನಕರು. 1998ರ ಒಪ್ಪಂದದಲ್ಲೇ ಮೂರು ಸಲದವರೆಗೆ ಸ್ವಾತಂತ್ರ್ಯದ ಬಗ್ಗೆ ಕೇಳಬಹುದು ಅಂತ ಬರೆದಿದ್ದರು. ಅಂದ್ರೆ ಮೇಷ್ಟ್ರು ಹೇಳುವ ಅವಧಿ, ನಿಯಮ ಎಲ್ಲ ಮೊದಲೇ ಇತ್ತು. 2018ರಲ್ಲಿ ಸ್ವಾತಂತ್ರ್ಯ ಬೇಡ ಅಂದವರು ಶೇ. 56.7. 2020ರಲ್ಲಿ ಅದು ಶೇ. 53.3ಕ್ಕೆ ಇಳಿಯಿತು. ಇನ್ನೊಂದು ಸಲ ಕೇಳಿದರೆ ತಿರುಗಿಬೀಳುತ್ತೆ ಅಂತ ಎರಡೂ ಕಡೆಗೆ ಗೊತ್ತಾಯಿತು. ಮೂರನೆಯದು 2021ರ ಡಿಸೆಂಬರ್‌ಗೆ. ಆಗ ಕೊರೊನಾದಲ್ಲಿ ಕನಕರ ಮನೆಗಳಲ್ಲಿ ಸಾವು ಆಗಿತ್ತು. ಸೂತಕ ಕಳೆಯಲಿ, ಮುಂದೆ ಹಾಕಿ ಅಂದರು. ಫ್ರಾನ್ಸ್ ಕೇಳಲಿಲ್ಲ. ಕನಕರು ಮತಗಟ್ಟೆ ಕಡೆಗೇ ಹೋಗಲಿಲ್ಲ. ಫಲಿತಾಂಶ ಏನು ಗೊತ್ತಾ? ಬೇಡ ಅಂದವರು ಶೇ. 96.5, ಮತದಾನ ಶೇ. 44 ಕೂಡ ಇಲ್ಲ.

ಕಾಗದದಲ್ಲಿ ಇದಕ್ಕಿಂತ ದೊಡ್ಡ ಬಹುಮತ ಬೇಕಾ? 2024ರ ಮೇ ತಿಂಗಳಲ್ಲಿ, ಮತದಾರರ ಪಟ್ಟಿಗೆ ಯಾರನ್ನು ಸೇರಿಸಬೇಕು ಅನ್ನುವ ವಿಷಯಕ್ಕೆ ಊರಿಗೆ ಊರೇ ಹೊತ್ತಿ ಉರಿಯಿತು. ಹೆಣ ಬಿದ್ದವು.

ಕೊನೆಗೌಡ:

ಬಾರದೇ ಮನೆಯಲ್ಲಿ ಕೂತವರು ಆಮೇಲೆ ದೂರಬಾರದು ಅಂತ ನಾನು ಹೇಳೋನು. ಆದ್ರೆ ಸೂತಕದ ವಿಷಯ ಬೇರೆ ಬಿಡಿ.

ಹೊಸನಗರದ ಅಕ್ಕ:

ಗೌಡ್ರೇ, ಬಾರದೇ ಕೂತವರ ಬಗ್ಗೆ ನಾನು ಒಂದು ಹೇಳಲಾ? ನಮ್ಮ ಕಡೆಯದೇ ಒಂದು ಊರು, ಹೆಸರು ಬೇಡ. ಶಾಲೆಗೆ ಹೋಗುವ ದಾರಿಯಲ್ಲಿ ಮದ್ಯದಂಗಡಿ ಬೇಡ ಅಂತ ಗ್ರಾಮಸಭೆಯಲ್ಲಿ ಠರಾವು ಆಯಿತು. ಸ್ತ್ರೀಶಕ್ತಿ ಸಂಘದವರು ಅಂಗಳ ತುಂಬಾ ಕೂತಿದ್ದರು. ನಡಾವಳಿ ಪುಸ್ತಕದಲ್ಲಿ ಸಹಿ ಹಾಕೋಕೆ ಜಾಗ ಸಾಲದೆ ಬೇರೆ ಹಾಳೆ ಅಂಟಿಸಿದರು. ಕೆಲವು ಹೆಂಗಸರು ಹೆಬ್ಬೆಟ್ಟು ಒತ್ತಿ, ಶಾಯಿ ಸೆರಗಿಗೆ ಒರೆಸಿಕೊಂಡು ಹೋದರು.

ಸ್ವಲ್ಪ ಕಾಲ ಬಿಟ್ಟು "ಮರುಪರಿಶೀಲನೆ" ಅಂತ ಇನ್ನೊಂದು ಸಭೆ ಕರೆದರು. ಯಾವಾಗ? ಸರಿಯಾಗಿ ಅಡಿಕೆ ಕೊಯ್ಲಿನ ಹೊತ್ತಲ್ಲಿ, ಬೆಳಿಗ್ಗೆ 11 ಗಂಟೆಗೆ. ನೋಟಿಸು ಪಂಚಾಯ್ತಿ ಗೋಡೆ ಮೇಲೆ. ಹೆಂಗಸರೆಲ್ಲ ಮೆಟ್ಟುಗತ್ತಿ ಮುಂದೆ ಕೂತಿದ್ದರು. ಸುಲಿದ ಡಬ್ಬದ ಲೆಕ್ಕದಲ್ಲಿ ಕೂಲಿ. ಸಭೆಗೆ ಹೋದರೆ ಆ ದಿನದ ದುಡ್ಡು ಹೋಯಿತು. ಠರಾವು ಬಿದ್ದುಹೋಯಿತು. ಲೆಕ್ಕದ ಪ್ರಕಾರ ಎಲ್ಲ ಸರಿ, ಕೋರಂ ಕೂಡ ಇತ್ತು. ಆ ಊರಿನ ಹೆಂಗಸರು ಈಗ ಗ್ರಾಮಸಭೆ ಅಂದ್ರೆ "ಅವರಿಗೆ ಬೇಕಾದ್ದು ಬರೆದುಕೊಳ್ಳಲಿ" ಅಂತಾರೆ.

ಇನ್ನೊಂದು ಸಲ ಕೇಳಬೇಕಾ ಅನ್ನೋದಕ್ಕಿಂತ, ದಿನ ಗೊತ್ತುಮಾಡುವವರು ಯಾರು ಅನ್ನೋದನ್ನ ನಾನು ಮೊದಲು ಕೇಳ್ತೀನಿ.

ಒಡಿಶಾದ ನಿಯಮಗಿರಿ ನೆನಪಿದೆಯಾ? ಬಾಕ್ಸೈಟ್ ಗಣಿ ಬೇಕಾ ಅಂತ ಗ್ರಾಮಸಭೆಗಳೇ ತೀರ್ಮಾನಿಸಲಿ ಅಂತ 2013ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 12 ಗ್ರಾಮಸಭೆ ನಡೆದವು, 12ರಲ್ಲೂ ಬೇಡ ಅಂದರು. 2016ರಲ್ಲಿ ಅಲ್ಲಿನ ಸರ್ಕಾರಿ ಗಣಿ ನಿಗಮ ಮತ್ತೆ ಸಭೆ ನಡೆಸಬೇಕು ಅಂತ ಕೋರ್ಟಿಗೆ ಹೋಯಿತು. ಕೋರ್ಟ್ ಒಪ್ಪಲಿಲ್ಲ. ಅಲ್ಲಿ ಎರಡನೇ ಸಲ ಕೇಳಿದ್ದರೆ ಅದನ್ನು ಪ್ರಜಾಪ್ರಭುತ್ವ ಅಂತಿದ್ರಾ, ಇಲ್ಲ ಕಾಟ ಅಂತಿದ್ರಾ?

ತುಂಗೆ ದಡ, ತೀರ್ಥಹಳ್ಳಿ:

ಅಕ್ಕಾ, ಇದು ಬೇಕಿತ್ತು. ಪಶ್ಚಿಮಘಟ್ಟದ ಕಸ್ತೂರಿರಂಗನ್ ವರದಿಯ ಕತೆಯೂ ಹೆಚ್ಚುಕಮ್ಮಿ ಇದೇ ಅಲ್ವಾ? ಅದು ಜನಮತ ಸಂಗ್ರಹ ಅಲ್ಲ, ಒಪ್ಪುತ್ತೇನೆ. ಆದರೆ ಪರಿಸರ ಸೂಕ್ಷ್ಮ ಪ್ರದೇಶದ ಕರಡು ಅಧಿಸೂಚನೆ 2014ರಲ್ಲಿ ಬಂತು, ಆಕ್ಷೇಪಣೆ ಕರೆದರು. ಅವಧಿ ಮುಗಿಯಿತು, ಮತ್ತೆ ಕರಡು. 2024ರ ಜುಲೈ 31ರದ್ದು ಆರನೆಯದು. ಕರ್ನಾಟಕದ ಪಾಲು 20,668 ಚದರ ಕಿಲೋಮೀಟರ್ ಅಂತ ಪ್ರತಿ ಸಲ ಅದೇ ಅಂಕಿ. ಪ್ರತಿ ಸಲ ಅದೇ ಸಭೆ, ಅದೇ ಭಾಷಣ, ಅದೇ ಮನವಿ ಪತ್ರ. ರಾಜ್ಯ ಸರ್ಕಾರ ಅದೇ ಸೆಪ್ಟೆಂಬರ್‌ನಲ್ಲಿ ಮತ್ತೆ ಬೇಡ ಅಂತು. ಕಾಡು ಉಳಿಯಬೇಕು ಅನ್ನುವವನು ನಾನು. ಆದರೂ ಹೇಳುತ್ತೇನೆ, ತಂದ ಕಾಗದವನ್ನೇ ಮತ್ತೆ ತಂದು ಮುಂದಿಟ್ಟರೆ ಜನ ಓದುವುದನ್ನೇ ಬಿಡುತ್ತಾರೆ.

ಐರ್ಲೆಂಡಿಗೂ ಇದಕ್ಕೂ ವ್ಯತ್ಯಾಸ ಅಲ್ಲೇ ಇದೆ. ಅಲ್ಲಿ ಬೇಡ ಅಂದವರ ಹತ್ತಿರ ಕಾರಣ ಕೇಳಿ, ಆ ಕಾರಣಕ್ಕೆ ಏನಾದರೂ ಮಾಡಿಕೊಂಡು ಬಂದು ಆಮೇಲೆ ಕೇಳಿದರು. ಮೊದಲ ಸಲ ಸೋತ ಸರ್ಕಾರ ತಾನೂ ಒಂದಿಷ್ಟು ಬಿಟ್ಟುಕೊಟ್ಟಿತ್ತು. ಅದಿಲ್ಲದೆ ಕೇಳಿದರೆ ಎರಡನೆಯದಾದರೇನು, ಆರನೆಯದಾದರೇನು.

ಗಾಂಧಿಬಜಾರ್ ಕೊಂಕಣಿ:

ಒಂದೇ ಸಲಕ್ಕೆ ಮುಗಿದದ್ದನ್ನು ಯಾರೂ ಹೇಳಲಿಲ್ಲ, ನಮ್ಮ ಪಕ್ಕದ ಗೋವಾ. ನಮ್ಮದು ಮನೆಮಾತು ಕೊಂಕಣಿ, ಹಾಗಾಗಿ ಈ ಕತೆ ಕೇಳಿಯೇ ಬೆಳೆದವರು.

1967ರ ಜನವರಿ 16. ಮಹಾರಾಷ್ಟ್ರಕ್ಕೆ ಸೇರಬೇಕಾ, ಕೇಂದ್ರಾಡಳಿತ ಪ್ರದೇಶವಾಗಿಯೇ ಇರಬೇಕಾ ಅಂತ ಪ್ರಶ್ನೆ. ಸೇರುವವರಿಗೆ ಹೂವಿನ ಗುರುತು, ಬೇರೆ ಇರುವವರಿಗೆ ಎರಡು ಎಲೆ. ಎಲೆಗೆ 1,72,191, ಹೂವಿಗೆ 1,38,170. ಅಂತರ 34,021 ಮತ. ಹೆಚ್ಚೇನಲ್ಲ. ಸೇರಬೇಕು ಅಂತ ಹಟ ಹಿಡಿದಿದ್ದವರು ಮುಖ್ಯಮಂತ್ರಿ ದಯಾನಂದ ಬಾಂದೋಡ್ಕರ್. ಮತದಾನ ನ್ಯಾಯವಾಗಿ ನಡೆಯಲಿ ಅಂತ ಅದಕ್ಕೂ ಮುಂಚೆ ಅವರ ಸರ್ಕಾರ ಕೆಳಗಿಳಿದಿತ್ತು.

ಮಜಾ ಮುಂದೆ ಇದೆ. ಎರಡೇ ತಿಂಗಳಿಗೆ ವಿಧಾನಸಭೆ ಚುನಾವಣೆ ಬಂತು. ಅದರಲ್ಲಿ ಗೆದ್ದದ್ದು ಯಾರು? ಅದೇ ಬಾಂದೋಡ್ಕರ್! ಜನ ಅವರ ಮಾತು ತಳ್ಳಿಹಾಕಿ, ಅವರನ್ನೇ ಮತ್ತೆ ಕುರ್ಚಿಯಲ್ಲಿ ಕೂರಿಸಿದರು. ಸೋತ ಕಡೆಯವರಿಗೆ ಎಲ್ಲಾ ಕಳೆದುಕೊಂಡೆವು ಅನ್ನಿಸಲಿಲ್ಲ. 1987ರಲ್ಲಿ ಗೋವಾ ರಾಜ್ಯವೇ ಆಯಿತು. ಈಗ ಮತ್ತೆ ಹೂವಾ ಎಲೆಯಾ ಅಂತ ಕೇಳಿದರೆ ಪಣಜಿಯಲ್ಲಿ ನಗುತ್ತಾರೆ.

ಬ್ರಿಟನ್ನಿನಲ್ಲಿ ಹೀಗಾಯಿತಾ? ಸ್ಕಾಟ್ಲೆಂಡಿನಲ್ಲಿ ಶೇ. 62 ಜನ ಇರೋಣ ಅಂದಿದ್ದರು. ಉತ್ತರ ಐರ್ಲೆಂಡಿನಲ್ಲಿ ಶೇ. 55.8. ಸ್ಕಾಟ್ಲೆಂಡಿನವರಿಗೆ ಸಿಕ್ಕಿದ್ದೇನು? ಸೊನ್ನೆ.

ಕೊಪ್ಪದ ಕಾಫಿ:

ಕೊಂಕಣಿಯವರು ಹೇಳಿದ್ದು ಚೆನ್ನಾಗಿದೆ. ಬೆಳಗಾವಿ ವಿಷಯಕ್ಕೂ ಹೀಗೊಂದು ಮತ ಆಗಿದ್ದರೆ ಮುಗಿಯುತ್ತಿತ್ತು ಅಂತ ಯಾರಾದರೂ ಹೇಳುವ ಮೊದಲು ಹೇಳಿಬಿಡುತ್ತೇನೆ, ಆ ಕಡೆ ಹೋಗಬೇಡಿ. ಮಹಾಜನ್ ವರದಿ 1967ರಿಂದ ಅಲ್ಲೇ ಕೂತಿದೆ, ಕೇಸು ಸುಪ್ರೀಂ ಕೋರ್ಟಿನಲ್ಲಿದೆ, ಈ ಚರ್ಚೆ ಹಳ್ಳ ಹಿಡಿಯುತ್ತೆ.

ಕ್ವಿಬೆಕ್ ಹೇಳಿ ಮುಗಿಸ್ತೀನಿ. ಕೆನಡಾದಿಂದ ಬೇರೆಯಾಗಬೇಕಾ ಅಂತ 1980ರಲ್ಲಿ ಕೇಳಿದಾಗ ಸುಮಾರು ಶೇ. 60 ಬೇಡ ಅಂದರು. 1995ರಲ್ಲಿ ಮತ್ತೆ ಕೇಳಿದರೆ ಬೇಡ ಅಂದವರು ಶೇ. 50.58! ಮತದಾನ ಶೇ. 93ಕ್ಕೂ ಜಾಸ್ತಿ. ಅಂತರ 54,288 ಮತ, ಅಷ್ಟೇ. ಎರಡನೇ ಸಲ ಕೇಳಿದ್ದರಿಂದ ಗಾಯ ಆಳವಾಯಿತೇ ಹೊರತು ಮಾಯಲಿಲ್ಲ. ಆಮೇಲೆ ಶಾಂತ ಆಯಿತು ನಿಜ. ಅದು ಮತದಿಂದಲ್ಲ, ಜನಕ್ಕೆ ಸಾಕಾಗಿ. ಮೂರನೇ ಸಲ ಕೇಳುತ್ತೇವೆ ಅನ್ನುವ ಪಕ್ಷ ಅಲ್ಲಿ ಈಗಲೂ ಇದೆ.

ಸಾಗರದ ಮೇಷ್ಟ್ರು:

ನಾರ್ವೆಯಲ್ಲಿ ಎರಡನೇ ಸಲ ಕೇಳಿದ್ದರಿಂದಲೇ ಶಾಂತ ಆಯಿತು. 1972ರಲ್ಲಿ ಶೇ. 53.5 ಯುರೋಪಿನ ಒಕ್ಕೂಟಕ್ಕೆ ಸೇರುವುದು ಬೇಡ, 1994ರಲ್ಲಿ ಶೇ. 52.2 ಬೇಡ. 22 ವರ್ಷ ಬಿಟ್ಟು ಕೇಳಿದರೂ ಅದೇ ಉತ್ತರ. ಸರ್ಕಾರಗಳು ಆ ಸುದ್ದಿಗೆ ಹೋಗುವುದನ್ನೇ ಬಿಟ್ಟವು. ಎರಡು ಸಲದ ನಡುವೆ ಒಂದು ತಲೆಮಾರು ಬೆಳೆದು ಬಂದಿತ್ತು ಅನ್ನೋದು ಮುಖ್ಯ.

ತುಂಗೆ ದಡ, ತೀರ್ಥಹಳ್ಳಿ:

ಅಕ್ಕನ ಮಗಳಿಗೆ ಇದನ್ನೆಲ್ಲ ಕಳಿಸಿದೆ. ಅವಳ ಉತ್ತರ: "ಮಾವ, 2016ರಲ್ಲಿ ಮತ ಹಾಕಿದವರಿಗೆ ಬಿಟ್ಟರೆ ಏನು ಸಿಗುತ್ತೆ ಅಂತ ಗೊತ್ತೇ ಇರಲಿಲ್ಲ. ವಾರಕ್ಕೆ 35 ಕೋಟಿ ಪೌಂಡ್ ಉಳಿಯುತ್ತೆ ಅಂತ ಕೆಂಪು ಬಸ್ಸಿನ ಮೇಲೆ ಬರೆಸಿಕೊಂಡು ತಿರುಗಿದರು. ಅಲ್ಲಿನ ಅಂಕಿಅಂಶ ಪ್ರಾಧಿಕಾರವೇ ಅದು ದಾರಿ ತಪ್ಪಿಸುವ ಲೆಕ್ಕ ಅಂದಿತ್ತು. ಈಗ ಗೊತ್ತಾಗಿದೆ, ಈಗ ಕೇಳಲಿ."

ಅವಳ ಮಾತಿನಲ್ಲಿ ಹುರುಳಿದೆ. ಸ್ವಿಟ್ಜರ್ಲೆಂಡಿನಲ್ಲಿ 2016ರಲ್ಲಿ ಗಂಡ-ಹೆಂಡತಿಯ ತೆರಿಗೆ ಬಗ್ಗೆ ಒಂದು ಮತದಾನ ಆಯಿತು. ಸುಮಾರು 80,000 ಜೋಡಿಗೆ ಹೊರೆ ಬೀಳುತ್ತಿದೆ ಅಂತ ಸರ್ಕಾರ ಜನರಿಗೆ ತಿಳಿಸಿತ್ತು. ಆಮೇಲೆ ನೋಡಿದರೆ 4,54,000 ಜೋಡಿ. 2019ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಆ ಫಲಿತಾಂಶವನ್ನೇ ರದ್ದು ಮಾಡಿತು. ಆದರೆ ಅಲ್ಲಿ ತಪ್ಪು ಲೆಕ್ಕ ಕೊಟ್ಟದ್ದು ಸರ್ಕಾರ. ಪ್ರಚಾರದವರು ಹೇಳಿದ ಸುಳ್ಳಿಗೆಲ್ಲ ಮರುಮತದಾನ ಅಂದರೆ ನಮ್ಮಲ್ಲಿ ವರ್ಷವಿಡೀ ಮತ ಹಾಕುತ್ತಲೇ ಇರಬೇಕು.

ಅವಳಿಗೆ ನಾನು ಕೇಳಿದ್ದು ಒಂದೇ. ಈಗ ಮತಪತ್ರದಲ್ಲಿ ಏನಂತ ಬರೆಯುತ್ತೀರಿ? 2019ರ ಜನವರಿಯಲ್ಲಿ ಆಗಿನ ಪ್ರಧಾನಿ ತೆರೇಸಾ ಮೇ ತಂದ, ಒಕ್ಕೂಟ ಬಿಡುವ ಒಪ್ಪಂದ ಸಂಸತ್ತಿನಲ್ಲಿ 432–202ರಲ್ಲಿ ಬಿತ್ತು. ಮಾರ್ಚ್ 27ಕ್ಕೆ ಎಂಟು ದಾರಿ ಮುಂದಿಟ್ಟು ಯಾವುದು ಬೇಕು ಅಂತ ಸಂಸದರನ್ನೇ ಕೇಳಿದರು. ಎಂಟಕ್ಕೆ ಎಂಟೂ ಸೋತವು. ಜನರಿಗೆ ಮತ್ತೆ ಕೇಳೋಣ ಅನ್ನುವುದೂ ಅದರಲ್ಲಿ ಒಂದು, 268ಕ್ಕೆ 295 ವಿರೋಧ. ಆಗ ಇನ್ನೂ ಒಳಗೇ ಇದ್ದರು, ಕೇಳಿದ್ದರೆ ಅರ್ಥ ಇತ್ತು. ಈಗ ಬಾಗಿಲಾಚೆ ಬಂದಾಗಿದೆ. "ವಾಪಸ್ ಸೇರೋಣ" ಅಂದರೆ ಹೊಸದಾಗಿ ಅರ್ಜಿ ಹಾಕಬೇಕು. ಒಳಗಿರುವ 27 ದೇಶಗಳೂ ಒಪ್ಪಬೇಕು, ಒಂದು ದೇಶ ಬೇಡ ಅಂದರೂ ಮುಗಿಯಿತು. ಮೊದಲು ಇದ್ದ ಚಂದಾ ರಿಯಾಯಿತಿ ಹೋಯಿತು, ಯೂರೋ ಬೇಡ ಅನ್ನುವ ವಿನಾಯಿತಿಯನ್ನು ಮತ್ತೆ ಕೇಳಿ ಪಡೆಯಬೇಕು. 2016ರ ಪ್ರಶ್ನೆ ಈಗ ಇಲ್ಲವೇ ಇಲ್ಲ. ಇಲ್ಲದ ಪ್ರಶ್ನೆಯನ್ನು ಎರಡನೇ ಸಲ ಕೇಳುವುದು ಹೇಗೆ?

ಕೊನೆಗೌಡ:

ನಾನು ಮೊದಲೇ ಹೇಳಿದ್ದೂ ಅದೇ ಆಯ್ತಲ್ಲ.

ತುಂಗೆ ದಡ, ತೀರ್ಥಹಳ್ಳಿ:

ಇಲ್ಲ ಗೌಡ್ರೇ. ನೀವು ಯಾವತ್ತೂ ಕೇಳಬಾರದು ಅಂದಿರಿ. ಸೇರುವ ಷರತ್ತನ್ನು ಯುರೋಪಿನವರ ಹತ್ತಿರ ಮೊದಲು ಮಾತಾಡಿ, ಕಾಗದದಲ್ಲಿ ಬರೆಸಿಕೊಂಡು ಬಂದು, ಆಮೇಲೆ ಕೇಳಲಿ ಅನ್ನುತ್ತೇನೆ ನಾನು. ಆ ಮಾತುಕತೆಯಲ್ಲಿ ಬಿಡೋಣ ಅಂದಿದ್ದ ಕಡೆಯವರನ್ನೂ ಕೂರಿಸಿಕೊಳ್ಳಬೇಕು. ಅವರ ಮುಖ್ಯ ಸಿಟ್ಟು ವಲಸೆ ಬಗ್ಗೆ. ಅದಕ್ಕೆ ಉತ್ತರ ಇಲ್ಲದ ಕಾಗದ ತಂದರೆ ಶೇ. 55 ಬಂದರೂ ಪ್ರಯೋಜನ ಇಲ್ಲ.

ಹೊಸನಗರದ ಅಕ್ಕ:

ಮತದಾರರ ಪಟ್ಟಿಯನ್ನೂ ಮೊದಲೇ ಗೊತ್ತುಮಾಡಲಿ. 2014ರಲ್ಲಿ ಸ್ಕಾಟ್ಲೆಂಡಿನವರು ಸ್ವಾತಂತ್ರ್ಯದ ಮತಕ್ಕೆ 16 ವರ್ಷದವರನ್ನೂ ಸೇರಿಸಿದ್ದರು. 2016ರಲ್ಲಿ 18 ಆಗಿರಬೇಕು ಅಂದರು. ಆಗ 16 ಇದ್ದ ಹುಡುಗಿಗೆ ಈಗ ಮಕ್ಕಳಿರಬಹುದು. ಅವಳು "ನನ್ನನ್ನ ಯಾರೂ ಒಂದು ಸಲವೂ ಕೇಳಲಿಲ್ಲ" ಅಂದರೆ ಗೌಡ್ರು ಏನು ಹೇಳ್ತಾರೆ?

ಕೊನೆಗೌಡ:

ಅವಳಿಗೆ ಮತ ಹಾಕೋ ಹಕ್ಕು ಇದೆ ಅಕ್ಕಾ, ಇಲ್ಲ ಅಂದೋರು ಯಾರು? ಆದ್ರೆ ಬಿಡೋಣ ಅಂದ 1.74 ಕೋಟಿ ಜನರಲ್ಲಿ ಎಷ್ಟೋ ಜನ ಜೀವಮಾನದಲ್ಲಿ ಮೊದಲ ಸಲ ತಮ್ಮ ಮತಕ್ಕೆ ಬೆಲೆ ಬಂತು ಅಂದುಕೊಂಡಿದ್ದರು. ಅವರ ಮನೆ ಬಾಗಿಲಿಗೆ ಹೋಗಿ "ಇನ್ನೊಂದು ಸಲ" ಅನ್ನೋನು ಯಾರು? ನೀವು ಹೋಗ್ತೀರಾ?

ಲಿಂಗನಮಕ್ಕಿ ಹಿನ್ನೀರು:

ನಾನು ಹೋಗ್ತೀನಿ. ಕೇಳೋಕೆ ಬಂದವರನ್ನು ಬೈದು ಕಳಿಸುವ ಭಾಗ್ಯವಾದರೂ ಅವರಿಗಿರಲಿ.